ಆರೇ ಹಲ್ಲು ಬೆಳ್ಳಗೆ

ಫೋಟೋ ಸ್ಟುಡಿಯೊದ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ಯುವಕನ ಪಕ್ಕದಲ್ಲೇ ತಾಯಿ ಮಗಳು ಕೂತಿದ್ದರು. ತಾಯಿ ಆಸ್ಪತ್ರೆಯ ಟೆಲಿಫೋನ್ ಆಪರೇಟರ್, ನಾಳೆ ನಿವೃತ್ತಿ, ನಿವೃತ್ತರ ಫೋಟೋ ಅಲ್ಲಿನ ಗೋಡೆಗೇರುವುದು ರೂಢಿ ಎಂಬುದೆಲ್ಲ ಅವರ ಮಾತಿನಿಂದಲೇ ಅವನಿಗೆ ತಿಳಿಯಿತು.

“ಎಲ್ಲಿ, ಬಾಯಿ ತೆಗಿ ನೋಡೋಣ. ಅಯ್ಯೋ ಅಮ್ಮಾ, ಮುಂದಿನ ಆರೇ ಹಲ್ಲು ಬೆಳ್ಳಗಾಗಿರೋದು!”

“ನೀನು ತಂದ ಹಲ್ಲು ಬೆಳ್ಳಗೆ ಮಾಡೋ ಕಿಟ್‌ನಲ್ಲಿ ಹಲ್ಲಿಗೆ ಅಂಟಿಸೋ ಪಟ್ಟಿ ಇರೋದೇ ಅಷ್ಟುದ್ದ ಕಣೇ. ಹತ್ತು ದಿನ ತಪ್ಪದೆ ಅಂಟಿಸ್ಕೊಂಡೆ.”

“ಪಕ್ಕದ್ದೆಲ್ಲ ಹಳದಿ. ಅರ್ಧ ಸುಣ್ಣ ಹೊಡೆದು ಬಿಟ್ಟ ಗೋಡೆ ಥರ ಇದೆ.”

“ಆ ಪಟ್ಟೀನ ಮುಗುಳ್ನಗೋ ಜನಕ್ಕೆ ಅಂತ ಮಾಡಿದಾರೆ. ನಾನು ನಕ್ಕರೆ ದವಡೆ ಹಲ್ಲೂ ಹಾಜರಿ ಹಾಕುತ್ತೆ.”

“ಹಾಗಾದ್ರೆ ಇವತ್ತೊಂದು ದಿನ ತುಟಿ ಮುಚ್ಚಿ ನಗು.”

ಯುವಕ ಕೇಳದವನಂತೆ ನೆಲ ನೋಡಿದ.

“ಮದುವೆ ಫೋಟೋ ತೆಗೆಯುವಾಗ ನಿಮ್ಮಜ್ಜಿ ಇದನ್ನೇ ಹೇಳಿದ್ರು. ಆಮೇಲೆ ನಿಮ್ಮಪ್ಪ. ನಾನು ಬಾಯ್ತುಂಬ ನಕ್ಕಿದ್ದು ಫೋನಿನಲ್ಲಿ ಮಾತ್ರ. ಅಲ್ಲಿ ಯಾರಿಗೂ ಹಲ್ಲು ಕಾಣಲ್ಲ ನೋಡು.”

“ಗೋಡೆ ಮೇಲೆ ಇರೋ ಫೋಟೋ ಅಮ್ಮ. ಜನ ಆಡ್ಕೋತಾರೆ.”

“ಆಡ್ಕೊಳ್ಳಲಿ. ಅದನ್ನ ಕೇಳೋಕೆ ನಾನೇನು ಅಲ್ಲಿರ್ತೀನಾ?”

ಒಳಗಿನಿಂದ ಕರೆ ಬಂತು. ಇಬ್ಬರೂ ಪರದೆ ಸರಿಸಿಕೊಂಡು ಹೋದರು. ಯುವಕನಿಗೆ ಈಗ ದನಿಗಳಷ್ಟೇ ಕೇಳುತ್ತಿದ್ದವು.

“ಅಮ್ಮ, ಸ್ವಲ್ಪ ಬಾಯಿ ಮುಚ್ಕೊಳ್ಳಿ. ಹಲ್ಲು ಕಾಣ್ತಿದೆ,” ಎಂದ ಫೋಟೋಗ್ರಾಫರ್.

“ಎಲ್ಲಾ ಕಾಣ್ತಿವೆಯಾ?”

“ಎಲ್ಲಾ ಕಾಣ್ತಿವೆ.”

“ಹಾಗಾದ್ರೆ ತೆಗೀರಿ.”