ಮಕ್ಬೂಲರ ನಾಡಿ ಮತ್ತು ನಡಿಗೆಯ ಸ್ಪರ್ಧೆ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಉಲ್ಲಾಸ ಶಾನಭಾಗರೇ, ಮುಖ್ಯ ಅತಿಥಿ ಡಾಕ್ಟರ್ ಶ್ರೀವಾಣಿಯವರೇ, ಶಿರಸಿಯ ಬೆಳಗಿನ ನಡಿಗೆ ಬಳಗದ ಹಿರಿಯರೇ, ಹಿರಿಯರೆಂದು ಒಪ್ಪಿಕೊಳ್ಳದೆ ಹಿಂದಿನ ಸಾಲಿನಲ್ಲಿ ಕುಳಿತಿರುವ ಇನ್ನಷ್ಟು ಹಿರಿಯರೇ, ಮತ್ತು ನನ್ನ ಪ್ರೀತಿಯ ಸಭಿಕರೇ,

‘ರಕ್ತದೊತ್ತಡದ ಮಾತ್ರೆ ಮತ್ತು ನಾವು’ ಎಂಬ ವಿಷಯದ ಮೇಲೆ ಮಾತನಾಡಲು ನನ್ನನ್ನು ನಿಲ್ಲಿಸಿದ್ದೀರಿ. ಪಕ್ಕದಲ್ಲೇ ಡಾಕ್ಟರು ಕುಳಿತಿರುವಾಗ ನಿವೃತ್ತ ವಿಜ್ಞಾನ ಶಿಕ್ಷಕಿ ಸುಗ್ರಾಳ ಮಾತೇಕೆ? ಅಧ್ಯಕ್ಷರನ್ನು ಇದೇ ಪ್ರಶ್ನೆ ಕೇಳಿದೆ. “ಡಾಕ್ಟರು ಹೇಳಿದರೆ ಜನ ಹೂಂ ಅಂತಾರೆ ಟೀಚರ್, ನಿಮ್ಮನೇಲಿ ನಡೆದದ್ದು ಹೇಳಿದರೆ ಕೇಳ್ತಾರೆ” ಎಂದರು. ಹಾಗಾಗಿ ನಡೆದದ್ದನ್ನೇ ಹೇಳುತ್ತೇನೆ. ನಮ್ಮ ಯಜಮಾನರ ಅನುಮತಿಯೂ ಸಿಕ್ಕಿದೆ. “ಹೇಳು, ಆದರೆ ಉದ್ದ ಮಾಡಬೇಡ” ಎಂದಿದ್ದಾರೆ. ಎರಡರಲ್ಲಿ ಒಂದನ್ನಾದರೂ ಪಾಲಿಸುತ್ತೇನೆ.

ನಮ್ಮ ಯಜಮಾನರಾದ ಮಕ್ಬೂಲ್ ಸಾಹೇಬರನ್ನು ನೀವೆಲ್ಲ ಬಲ್ಲಿರಿ. ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದು ಅಂಕೋಲೆಗೆ ಲಾರಿ ಓಡಿಸುತ್ತಲೇ ತಲೆ ಹಣ್ಣಾದವರು. ಲಾರಿ ಬಿಟ್ಟ ಮೇಲೆ ಅವರ ರಕ್ತದೊತ್ತಡ ಏರಿತು, ಎದೆಯೂ ಸುಮ್ಮಸುಮ್ಮನೆ ಡವಡವ ಎನ್ನತೊಡಗಿತು. ಡಾಕ್ಟರು ಪರೀಕ್ಷಿಸಿ ಬೀಟಾ ಬ್ಲಾಕರ್ ಎಂಬ ಜಾತಿಯ ಮಾತ್ರೆ ಕೊಟ್ಟರು. ಅದು ಏನು ಮಾಡುತ್ತದೆ? ನಾನು ಕೇಳದೆ ಬಿಡುತ್ತೇನೆಯೇ? ಅವಸರ, ಭಯ, ಸಿಟ್ಟು ಬಂದಾಗ ದೇಹ ಹೃದಯಕ್ಕೆ “ಓಡು” ಎಂದು ಸಂದೇಶ ಕಳಿಸುತ್ತದಂತೆ. ಈ ಮಾತ್ರೆ ಆ ಸಂದೇಶವನ್ನು ಬಾಗಿಲಲ್ಲೇ ತಡೆಯುತ್ತದೆ. ಹೃದಯ ನಿಧಾನವಾಗಿ ಬಡಿಯುತ್ತದೆ, ಒತ್ತಡ ಇಳಿಯುತ್ತದೆ.

ಅದೇ ತಿಂಗಳು ಒಂದು ಶಿಬಿರದಲ್ಲಿ ನನ್ನ ಒತ್ತಡವೂ ಸ್ವಲ್ಪ ಹೆಚ್ಚೆಂದು ತಿಳಿಯಿತು. ಇವರು ಧಾರಾಳಿಗಳು. “ಡಾಕ್ಟರ್ ಹತ್ರ ಯಾಕೆ ಹೋಗ್ತಿ? ನನ್ನದರಲ್ಲೇ ಅರ್ಧ ತಗೋ” ಎಂದು ಮಾತ್ರೆ ಮುರಿದೇ ಬಿಟ್ಟರು. ನನಗೆ ಚಿಕ್ಕಂದಿನಿಂದ ದಮ್ಮಿನ ಕಾಯಿಲೆ. ಯಾವುದಕ್ಕೂ ಕೇಳೋಣವೆಂದು ಶ್ರೀವಾಣಿಯವರಿಗೆ ಫೋನು ಮಾಡಿದೆ. “ಮುಟ್ಟಬೇಡಿ ಟೀಚರೇ. ದಮ್ಮಿದ್ದವರಿಗೆ ಇದು ಉಸಿರು ಕಟ್ಟಿಸ್ತು ಅಂದ್ರೆ ಎಂತ ಮಾಡ್ತ್ರಿ?” ಎಂದರು. ಸಭಿಕರೇ, ಗಂಡ ಹೆಂಡತಿ ಎಲ್ಲವನ್ನೂ ಹಂಚಿಕೊಳ್ಳಬಹುದು, ಒತ್ತಡದ ಮಾತ್ರೆಯೊಂದನ್ನು ಬಿಟ್ಟು. ಸಕ್ಕರೆ ಕಾಯಿಲೆಯವರೂ ಇಲ್ಲಿದ್ದೀರಿ. ಸಕ್ಕರೆ ಇಳಿದಾಗ ಎದೆ ಹೊಡೆದುಕೊಂಡು ಎಚ್ಚರಿಸುತ್ತದಲ್ಲ, ಆ ಎಚ್ಚರಿಕೆಯನ್ನೇ ಈ ಮಾತ್ರೆ ಮರೆಸಬಹುದಂತೆ. ಮೊದಲೇ ಡಾಕ್ಟರಿಗೆ ಹೇಳಿಕೊಳ್ಳಿ.

ಇವರಿಗಂತೂ ಮಾತ್ರೆ ಒಗ್ಗಿತು. ಕೈಬೆರಳು ತಣ್ಣಗಾಗುತ್ತಿದ್ದವು, ಏರು ಹತ್ತುವಾಗ ಕಾಲು ಭಾರ ಎನ್ನುತ್ತಿದ್ದರು, ಅಷ್ಟೆ. ನಡಿಗೆ ಮಾತ್ರ ನಿಧಾನವಾಯಿತು. ಮದುವೆಯಾದಾಗಿನಿಂದ ಪೇಟೆಗೆ ಹೊರಟರೆ ಅವರು ಎಲ್ಲೋ ಮುಂದೆ, ನಾನು ಏದುಸಿರಿನಲ್ಲಿ ಎಲ್ಲೋ ಹಿಂದೆ. ಈಗ ಕೋಟೆಕೆರೆಯ ಸುತ್ತ ನನ್ನ ಪಕ್ಕದಲ್ಲೇ ನಡೆಯತೊಡಗಿದರು. ನಡೆಯುತ್ತ ಮಾತಾಡಿದರು. ಲಾರಿ ಘಟ್ಟ ಇಳಿಯುವಾಗ ಇವರಿಗೆ ಭಯವಾಗುತ್ತಿತ್ತಂತೆ. ಭಯವಾದಾಗ ಬಾಯಲ್ಲಿ ನನ್ನ ಹೆಸರು ಬರುತ್ತಿತ್ತಂತೆ. ಇದು ನನಗೆ ಗೊತ್ತೇ ಇರಲಿಲ್ಲ. ಇದನ್ನು ಇಲ್ಲಿ ಹೇಳಬೇಕೆಂದೂ ಇರಲಿಲ್ಲ. ವಿಷಯಕ್ಕೆ ಬರುತ್ತೇನೆ.

ನಮ್ಮ ಮಗಳು ಉಜ್ಮಾ ಅಪ್ಪನಿಗೊಂದು ಕೈಗಡಿಯಾರ ತಂದುಕೊಟ್ಟಳು, ನಾಡಿ ತೋರಿಸುವಂಥದ್ದು. ತೊಂದರೆ ಶುರುವಾದದ್ದು ಅಲ್ಲಿಂದ. ಬಳಗದ ಗೆಳೆಯರೆಲ್ಲ ಗಡಿಯಾರ ಹೋಲಿಸಿ ನೋಡುವವರೇ. ಬನವಾಸಿ ಕಡೆಯ ಜವಳಿ ವ್ಯಾಪಾರಿ ಶಿವಪುತ್ರಪ್ಪನವರ ನಾಡಿ ಏರು ಹತ್ತುವಾಗ ಸರ್ರನೆ ಮೇಲೇರುತ್ತಿತ್ತು. ಇವರದು ಎಷ್ಟು ಬೀಸಿ ನಡೆದರೂ ಏರುತ್ತಿರಲಿಲ್ಲ. ಈ ಮಾತ್ರೆಯ ಸ್ವಭಾವವೇ ಅದು ಎಂದು ಆ ಗೆಳೆಯರಿಬ್ಬರಿಗೂ ತಿಳಿದಿರಲಿಲ್ಲ.

“ಬರ್ರಿ ಸಾಹೇಬ್ರ, ನಿಮ್ಮ ಗಾಡಿ ಯಾಕೋ ಪಿಕಪ್ ತಗೊಳ್ಳವಲ್ದಲ್ರೀ” ಎಂದರು ಶಿವಪುತ್ರಪ್ಪ. ತಮಾಷೆಯ ಮಾತು. ಆದರೆ ಯಾರಿಗೆ ಹೇಳಿದ್ದು? ಘಟ್ಟದಲ್ಲಿ ಯಾರಿಗೂ ಸೈಡ್ ಕೊಡದ ಡ್ರೈವರಿಗೆ. ಮುಂದೆ ಬಳಗದ ನಡಿಗೆ ಸ್ಪರ್ಧೆ ಬೇರೆ ಇತ್ತು. ಇವರು ನನಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟರು.

ಎರಡು ದಿನ ಲವಲವಿಕೆಯಿಂದಲೇ ಇದ್ದರು. ನನಗೂ ಕುತೂಹಲ, ಇವರಿಗೆ ಇಷ್ಟು ಹುರುಪು ಎಲ್ಲಿಂದ ಬಂತು ಎಂದು. ಸ್ಪರ್ಧೆಯ ಬೆಳಿಗ್ಗೆ ಕೆರೆಯಿಂದ ಯಲ್ಲಾಪುರ ನಾಕಾದ ಕಡೆಗೆ ಎಲ್ಲರಿಗಿಂತ ಮುಂದೆ ಹೊರಟರು. ನಾನು ಹಿಂದೆ ನಿಂತು ಆ ಬೆನ್ನನ್ನು ನೋಡಿದೆ. ಬಹಳ ಪರಿಚಯದ ಬೆನ್ನು.

ಅರ್ಧ ದಾರಿಯಲ್ಲಿ ಅವರು ಎದೆ ಹಿಡಿದು ಕುಳಿತರು. ಮುಖದಲ್ಲಿ ಬೆವರು, ಗಡಿಯಾರದಲ್ಲಿ ಹುಚ್ಚೆದ್ದ ನಾಡಿ. ಶಿವಪುತ್ರಪ್ಪನವರು ಸ್ಪರ್ಧೆ ಬಿಟ್ಟು ಓಡಿಬಂದು, ಆಟೋ ನಿಲ್ಲಿಸಿ, ಇವರನ್ನು ತೋಳಿಗೆ ಒರಗಿಸಿಕೊಂಡು ಆಸ್ಪತ್ರೆಗೆ ತಂದರು. ನಾನು ಇನ್ನೊಂದು ಆಟೋದಲ್ಲಿ ತಲುಪುವ ಹೊತ್ತಿಗೆ ಶಿವಪುತ್ರಪ್ಪನವರು ಬಾಗಿಲಲ್ಲಿ ನಿಂತಿದ್ದರು. “ನನ್ನ ಬಾಯಿ ಸುಟ್ಟು ಹೋಗ್ಲಿರಿ ಅಕ್ಕಾರ” ಎಂದರು.

ಇಸಿಜಿ ಮಾಡಿದರು, ರಕ್ತ ಪರೀಕ್ಷಿಸಿದರು. ಹೃದಯಕ್ಕೆ ಪೆಟ್ಟಾಗಿರಲಿಲ್ಲ. ಶ್ರೀವಾಣಿಯವರು ಬಂದು ಮಂಚದ ಪಕ್ಕ ಕುಳಿತರು. ಬೈಯುತ್ತಾರೆಂದುಕೊಂಡಿದ್ದೆ.

“ಮಾತ್ರೆ ಎಂತಕ್ಕೆ ಬಿಟ್ರಿ?”

ಇವರು ಸೂರು ನೋಡುತ್ತ, “ಪಿಕಪ್ ಇರ್ಲಿಲ್ಲ ಮೇಡಂ” ಎಂದರು.

“ಘಟ್ಟ ಇಳಿಯುವಾಗ ನಡುವೆ ಗೇರ್ ತೆಗೆದು ನ್ಯೂಟ್ರಲ್ ಮಾಡ್ತಿದ್ರಾ?”

“ತೌಬಾ. ಹುಚ್ಚರು ಮಾಡ್ತಾರೆ. ಗಾಡಿ ಕೈಗೆ ಸಿಗಲ್ಲ.”

ಡಾಕ್ಟರು ಮಾತ್ರೆಯ ಚೀಟಿಯನ್ನು ಅವರ ಕೈಗಿಟ್ಟರು. ಇವರು ಅದನ್ನು ನೋಡಿ ನಿಧಾನವಾಗಿ, “ಓಹೋ” ಎಂದರು.

ಅಷ್ಟು ದಿನ ತಡೆದು ಹಿಡಿದ ಹೃದಯವನ್ನು ಒಮ್ಮೆಲೇ ಬಿಟ್ಟರೆ ಅದು ಮೊದಲಿಗಿಂತ ಜೋರಾಗಿ ಓಡಬಹುದು, ಒತ್ತಡ ನೆಗೆಯಬಹುದು, ಹೃದಯಾಘಾತವೂ ಆಗಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಆಮೇಲೆ ಕೇಳಿದ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿದಿದೆ. “ಕೈ ತಣ್ಣಗಾಗ್ತು, ಕಾಲು ಭಾರ ಅಂತ ನನಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ? ಬೇರೆ ದಾರಿ ಇದ್ದೇ ಇತ್ತು.” ನಾವು ಯಾಕೆ ಹೇಳುವುದಿಲ್ಲ, ಸಭಿಕರೇ? ಕಿರಾಣಿ ಅಂಗಡಿಯಲ್ಲಿ ಅಕ್ಕಿಯಲ್ಲೊಂದು ಕಲ್ಲು ಸಿಕ್ಕಿದರೆ ಮರಳಿ ಹೋಗಿ ಹೇಳುತ್ತೇವೆ. ಮಾತ್ರೆ ಒಗ್ಗದಿದ್ದರೆ ಮಾತ್ರ ಗುಟ್ಟಾಗಿ ಬಿಡುತ್ತೇವೆ. ಯಾಕೆ?

ಡಾಕ್ಟರು ಮಾತ್ರೆಯನ್ನು ಮತ್ತೆ ಶುರು ಮಾಡಿಸಿ, ಕೆಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ, ಜೊತೆಗೆ ಬೇರೊಂದು ಔಷಧಿ ಸೇರಿಸಿದರು. ಇವರ ಒತ್ತಡ ಈಗ ಹಿಡಿತದಲ್ಲಿದೆ. ಕೈ ಬೆಚ್ಚಗಿದೆ. ಕಾಲಿಗೆ ಬಲ ಬಂದಿದೆ, ಅಂದರೆ ಶಿವಪುತ್ರಪ್ಪನವರ ಜೊತೆ ಮತ್ತೆ ಮುಂದೆ ಹೋಗುತ್ತಾರೆ. ಸಂತೋಷದ ವಿಷಯ. ನಾನು ಸಂತೋಷದ ವಿಷಯವೆಂದೇ ಹೇಳುತ್ತಿದ್ದೇನೆ.

ಒಂದು ವಿಚಿತ್ರ ಮಾತ್ರ ನಡೆಯುತ್ತಿದೆ. ಕೆರೆಯ ಆಚೆ ದಡದ ಕಲ್ಲುಬೆಂಚಿನ ಹತ್ತಿರ ಇವರು ನಿಂತುಬಿಡುತ್ತಾರೆ. ಶಿವಪುತ್ರಪ್ಪನವರನ್ನು ಮುಂದೆ ಕಳಿಸಿ, ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಂತಿರುತ್ತಾರೆ. ನಾನು ಹತ್ತಿರ ಬಂದಾಗ, “ನಾಡಿ ನೋಡ್ಕೊಳ್ತಿದ್ದೆ, ಡಾಕ್ಟರ್ ಹೇಳಿದಾರೆ” ಎನ್ನುತ್ತಾರೆ. ನಾಡಿ ಎಣಿಸಲು ಒಂದು ನಿಮಿಷ ಸಾಕೆಂದು ವಿಜ್ಞಾನ ಕಲಿಸಿದ ನನಗೆ ಗೊತ್ತಿಲ್ಲವೇ? ಗೊತ್ತಿದೆ. ಆದರೆ ನಾನು ಕೇಳಿಲ್ಲ. ಎಲ್ಲವನ್ನೂ ಕೇಳುವ ನಾನು ಇದೊಂದನ್ನು ಕೇಳಿಲ್ಲ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆ, ಸ್ಪರ್ಧೆ ಬಿಟ್ಟು ಓಡಿಬಂದ ಶಿವಪುತ್ರಪ್ಪನವರಿಗೆ, ಬೈಯದೆ ಪ್ರಶ್ನೆ ಕೇಳಿದ ಡಾಕ್ಟರಿಗೆ ನಾನು ಋಣಿ. ನಾಳೆ ಬೆಳಿಗ್ಗೆ ಕೆರೆಯ ಹತ್ತಿರ ಸಿಗೋಣ. ಮಾತ್ರೆ ನುಂಗಿಯೇ ಬನ್ನಿ. ನಮಸ್ಕಾರ.