ಬಾಯ್ಲರ್ ಕೋಣೆಯ ಕೆಮ್ಮು

ಲೈಟು ಆರಿಸಬೇಡಿ, ಹಾಗೇ ಇರಲಿ. ಇದು ಎಲ್ಲೋ ಯಾರೋ ಹೇಳಿದ್ದಲ್ಲ, ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು. ನಡುವೆ ಯಾರಾದ್ರೂ ಕಿಸಕ್ ಅಂದ್ರೆ ಎದ್ದು ಹೋಗ್ತೀನಿ, ಈಗಲೇ ಹೇಳಿಬಿಟ್ಟಿದೀನಿ.

ಅಕ್ಕನ ಕೆಲಸ ಏನು ಅಂತ ಮೊದಲು ತಿಳ್ಕೊಳ್ಳಿ. ಹಳೇ ಕಟ್ಟಡವನ್ನ ರಿಪೇರಿ ಮಾಡೋಕೆ ಮುಂಚೆ ಅದರಲ್ಲಿ ಕಲ್ನಾರು ಎಲ್ಲೆಲ್ಲಿದೆ ಅಂತ ಹುಡುಕಿ, ನಿಂತು ತೆಗೆಸೋದು. ಕಲ್ನಾರು ಅಂದ್ರೆ ಅದೇ ಆಸ್ಬೆಸ್ಟಾಸ್. ಮುಟ್ಟದೇ ಬಿಟ್ರೆ ತೆಪ್ಪಗಿರುತ್ತೆ. ಒಡೆದ್ರೆ ಮಾತ್ರ ಕಣ್ಣಿಗೆ ಕಾಣದ ಎಳೆ ಗಾಳಿಗೆ ಏಳುತ್ತೆ. ಎದೆಯೊಳಗೆ ಹೋಗಿ ಕೂತ್ರೆ ಮುಗೀತು, ಹೊರಗೆ ಬರೋ ಮಾತಿಲ್ಲ. ಎಷ್ಟೋ ವರ್ಷ ಆದ್ಮೇಲೆ ಕೆಮ್ಮು ಶುರುವಾಗುತ್ತೆ.

ಆ ಸಲ ಸಿಕ್ಕಿದ್ದು ಆಸ್ಪತ್ರೆಯ ಬಟ್ಟೆ ಒಗೀತಿದ್ದ ಹಳೇ ಕಟ್ಟಡ. ಅದನ್ನ ಮಕ್ಕಳ ಶಾಲೆ ಮಾಡಬೇಕಿತ್ತು. ಹಿಂದುಗಡೆ ಬಾಯ್ಲರ್ ಕೋಣೆ, ಅಲ್ಲಿಂದ ಹಬೆ ಹೋಗೋ ಪೈಪುಗಳು, ಪ್ರತಿ ಪೈಪಿಗೂ ಮುರಿದ ಕೈಗೆ ಪಟ್ಟಿ ಸುತ್ತಿದ ಹಾಗೆ ಬಿಳೀ ಕಲ್ನಾರು.

ಕಂಟ್ರಾಕ್ಟರನಿಗೆ ಎಲ್ಲರೂ ಇಟ್ಟಿದ್ದ ಹೆಸರು ಬೇಗಣ್ಣ. 'ಬೇಗ, ಬೇಗ' ಬಿಟ್ರೆ ಆ ಬಾಯಲ್ಲಿ ಬೇರೆ ಮಾತೇ ಇಲ್ಲ. ಅಕ್ಕನ ಸ್ವಂತ ತಮ್ಮ ಅವನ ಹತ್ರಾನೇ ಗಾರೆ ಕೆಲಸಕ್ಕಿದ್ದ. ಬಾಯ್ಲರ್ ಕೋಣೆ ಕ್ಲಿಯರ್ ಅಂತ ಅಕ್ಕ ಹೇಳಿದ ಕೂಡಲೇ ಹಿಂದಿನ ಗೋಡೆ ಒಡೆಯೋನು ಅವನೇ. ದೊಡ್ಡ ಕಿಟಕಿ ಇಡೋಕೆ. ಕ್ಲಿಯರ್ ಆದ ಕೋಣೇಲಿ ಯಾರೂ ಮಾಸ್ಕ್ ಹಾಕಲ್ಲ, ಅದು ಅಲ್ಲಿಯ ವಾಡಿಕೆ. ಅಕ್ಕನ ಮಾತೇ ಮಾಸ್ಕ್.

ಅಕ್ಕನಿಗೆ ಅನುಮಾನ ಶುರುವಾಗಿದ್ದು ಆ ಗೋಡೆ ನೋಡಿಯೇ. ಒಂದು ಪೈಪು ನೆಟ್ಟಗೆ ಹೋಗಿ ಗೋಡೆಯೊಳಗೆ ತೂರಿತ್ತು. ಹೊರಗೆ ಬಂದಿದ್ದು ಮಾತ್ರ ಎಲ್ಲೂ ಕಾಣಲಿಲ್ಲ.

"ಒಂದೇ ಒಂದು ತೂತು ಕೊರೆದು ನೋಡೋಣ" ಅಂದ್ಲು.

"ಯಾವನೋ ಕಡಿದು ಬಿಟ್ಟಿರ್ತಾನೆ, ಬಿಡಿ ಮೇಡಂ" ಅಂದ ಬೇಗಣ್ಣ. "ಹೀಗೆ ಮೂಲೆ ಮೂಲೆ ಕೆದಕ್ತಾ ಕೂತ್ರೆ ಶಾಲೆ ಬಾಗಿಲು ತೆಗೆಯೋದು ಯಾವಾಗ? ನಿಮ್ಮ ಮೊಮ್ಮಕ್ಕಳನ್ನ ಸೇರಿಸೋ ಹೊತ್ತಿಗಾ?"

ದಿನಾ ಇದೇ ಗೋಳು. ಅಕ್ಕ ಕೇಳೋದು, ಅವನು ನಕ್ಕು ತೇಲಿಸಿಬಿಡೋದು. ಗಂಟಲು ಒಣಗಿದ್ದಷ್ಟೇ ಬಂತು.

ಆವತ್ತು ಸಂಜೆ ಕೋಣೆ ಪೂರ್ತಿ ಖಾಲಿಯಾಗಿತ್ತು. ಪೈಪಿನ ಪಟ್ಟಿಯೆಲ್ಲ ತೆಗೆದು, ನೆಲ ಒರೆಸಿ, ಬಾಗಿಲಿಗೆ ಪ್ಲಾಸ್ಟಿಕ್ ಪರದೆ ಬಿಗಿದು, ಸುತ್ತ ಟೇಪ್ ಹಾಕಿದ್ರು. ಒಳಗಿನ ಗಾಳಿ ಎಳೆದು ಸೋಸೋ ಫ್ಯಾನು ರಾತ್ರಿಯಿಡೀ ಓಡಬೇಕು. ಬೆಳಿಗ್ಗೆ ಗಾಳಿ ಪರೀಕ್ಷೆ. ಅಷ್ಟರೊಳಗೆ ಪರದೆ ಬಿಚ್ಚಿದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಕತ್ತಲಾಗಿತ್ತು. ಎಲ್ಲರೂ ಹೋಗಿದ್ರು. ಅಕ್ಕ ಗೇಟಿಗೆ ಬೀಗ ಹಾಕೋಕೆ ಅಂತ ಅಂಗಳದ ಹಾಳುಬಾವಿ ದಾಟಿ ಬರ್ತಿದ್ಲು. ಹಿಂದೆ ಫ್ಯಾನಿನ ಸದ್ದು... ಗುಂಯ್... ಅದರ ಜೊತೆ ಪ್ಲಾಸ್ಟಿಕ್ಕಿನದು... ಪಟ... ಪಟ...

ಖೊಕ್.

ನಿಂತ್ಲು.

ಖೊಕ್... ಖೊಕ್...

ಒಣ ಕೆಮ್ಮು. ಕಫ ಇಲ್ಲ. ಬಾಯ್ಲರ್ ಕೋಣೆಯೊಳಗಿಂದ.

ಅಕ್ಕನಿಗೆ ಮೊದಲು ಬಂದಿದ್ದು ಭಯ ಅಲ್ಲ ಕಣ್ರೋ, ಸಿಟ್ಟು. ತಮ್ಮ ಮಧ್ಯಾಹ್ನ ತನ್ನ ಅಳತೆ ಟೇಪು ಒಳಗೇ ಮರೆತು ಬಂದಿದ್ದ. ಈಗಲೇ ತರ್ತೀನಿ ಅಂದವನಿಗೆ ಇವಳು ಬೈದು ಕಳಿಸಿದ್ಲು. ಕಣ್ಣು ತಪ್ಪಿಸಿ ಪರದೆ ಸಂದೀಲಿ ನುಸುಳಿರ್ತಾನೆ, ಮಾಸ್ಕೂ ಹಾಕಿರಲ್ಲ, ಉಸಿರು ಕಟ್ಟುತ್ತೆ ಅಂತ ಯಾವಾಗಲೂ ಕತ್ತಿಗೆ ಇಳಿಸ್ಕೊಂಡಿರೋ ಮಹಾಶಯ! ಫೋನ್ ಮಾಡಿದ್ಲು. ರಿಂಗಾಯ್ತು, ಎತ್ತಲಿಲ್ಲ. ಬೇಗಣ್ಣನಿಗೆ ಮಾಡಿದ್ಲು.

"ಒಳಗೆ ಯಾರೋ ಇದ್ದಾರೆ. ಪರದೆ ತೆಗೀತೀನಿ."

"ಅಯ್ಯೋ, ಮುಟ್ಟಬೇಡಿ! ಪರೀಕ್ಷೆ ಹಾಳಾಗುತ್ತೆ. ಬೆಕ್ಕಿರಬೇಕು."

"ಬೆಕ್ಕು ಮನುಷ್ಯರ ಹಾಗೆ ಕೆಮ್ಮುತ್ತೇನ್ರೀ?"

ಫೋನ್ ಇಟ್ಟುಬಿಟ್ಟ. ಅವನನ್ನೂ ಫೋನನ್ನೂ ಸೇರಿಸಿ ಬಾವಿಗೆ ಎಸೆಯೋಣ ಅನ್ನಿಸ್ತಂತೆ ಅಕ್ಕನಿಗೆ.

ಹಾಗಂತ ಪರದೆ ಹರಿದುಕೊಂಡು ನುಗ್ಗೋ ಹಾಗಿಲ್ಲ. ಮೊದಲು ಹೊರಗಿನ ಪರದೆ. ಅದನ್ನ ಮುಚ್ಚಿ ಮೈತುಂಬಾ ಬಿಳೀ ಅಂಗಿ. ಆಮೇಲೆ ಮಾಸ್ಕ್. ಮಾಸ್ಕಿನ ಮೇಲೆ ಅಂಗೈ ಒತ್ತಿ ಉಸಿರೆಳೆದು, ಎಲ್ಲೂ ಗಾಳಿ ನುಗ್ತಿಲ್ಲ ಅಂತ ನೋಡಬೇಕು. ಒಳಗೆ ಖೊಕ್... ಖೊಕ್... ಅವಸರಕ್ಕೆ ಮಾಸ್ಕಿನ ಪಟ್ಟಿ ಜಾರುತ್ತೆ. ಮತ್ತೆ ಕಟ್ಟಬೇಕು.

"ಬಂದೆ ಕಣೋ... ಇರು... ಸಿಗು ನೀನು, ಕಪಾಳಕ್ಕೆ ಕೊಡ್ತೀನಿ..." ಪಿಸುಗುಡ್ತಾನೇ ಒಳಗಿನ ಪರದೆ ಸರಿಸಿದ್ಲು.

ಟಾರ್ಚ್ ಬಿಟ್ಲು. ಒರೆಸಿದ ನೆಲ. ಫ್ಯಾನು. ಮೂಲೇಲಿ ತಮ್ಮನ ಟೇಪು.

ಯಾರೂ ಇಲ್ಲ.

ಖೊಕ್...

ಗೋಡೆ ಕಡೆಯಿಂದ. ಪೈಪು ತೂರಿದ್ದ ಗೋಡೆ. ಹತ್ತಿರ ಹೋಗಿ ಕಿವಿ ಇಟ್ಲು. ಇಟ್ಟಿಗೆಯ ಆ ಕಡೆ ಯಾರೋ ಉಸಿರು ಎಳ್ಕೊಳ್ತಿದ್ರು... ಸುಂಯ್... ಸುಂಯ್... ಪೂರ್ತಿ ಎಳೆಯೋಕಾಗದೆ ಅರ್ಧಕ್ಕೇ ನಿಲ್ತಿತ್ತು.

"ಯಾರು?"

ಕೆಮ್ಮು ನಿಂತಿತು.

"ಒಳಗೆ ಯಾರಿದ್ದೀರಿ?"

"...ಪರದೆ ಮುಚ್ಚು ತಾಯಿ... ಹೊರಗೆ ಹೋಗುತ್ತೆ..."

ಮುದುಕನ ದನಿ. ಬಲು ಮೆತ್ತಗೆ. ಅಕ್ಕ ತಿರುಗಿ ನೋಡಿದ್ರೆ, ಅವಸರದಲ್ಲಿ ಅವಳು ಒಳಗಿನ ಪರದೇನ ಅರ್ಧ ತೆರೆದೇ ಬಿಟ್ಟಿದ್ಲು.

ಹೋಗಿ ಮುಚ್ಚಿದ್ಲು. ಮುಚ್ಚೋದಕ್ಕೂ, ಪರದೆಯ ಆ ಕಡೆಯಿಂದ "ಅಕ್ಕಾ..." ಅನ್ನೋದಕ್ಕೂ ಸರಿಹೋಯ್ತು. ಚಿಟ್ಟಂತ ಚೀರಿದ್ಲು.

"ನಾನು ಕಣೇ! ಫೋನ್ ಮಾಡಿದ್ದೀಯಲ್ಲ, ಅದಕ್ಕೇ ಬಂದೆ. ಯಾರ ಹತ್ರ ಮಾತಾಡ್ತಿದ್ದೆ?"

"ಕೆಮ್ಮಿದ್ದು ನೀನಲ್ವೇನೋ?"

"ನಾನು ಈಗ ತಾನೇ ಗೇಟು ದಾಟಿದ್ದು..."

ಗೋಡೆ ಒಳಗೆ ಮತ್ತೆ ಖೊಕ್... ಖೊಕ್... ತಮ್ಮನೂ ಕೇಳಿಸ್ಕೊಂಡ.

ಬೆಳಿಗ್ಗೆ ಗಾಳಿ ಪರೀಕ್ಷೆ ಚೊಕ್ಕವಾಗೇ ಬಂತು. ಬೇಗಣ್ಣನ ಮುಖ ಊರಗಲ.

"ಆಯ್ತಲ್ಲ ಮೇಡಂ! ಕ್ಲಿಯರ್ ಅಂದುಬಿಡಿ. ಬೇಗ."

"ಗೋಡೆ ನೋಡದೆ ಅನ್ನಲ್ಲ."

"ರಾತ್ರಿ ಬೆಕ್ಕು, ಬೆಳಿಗ್ಗೆ ಗೋಡೆ! ನಿಮ್ಮನ್ನ ಬಿಟ್ರೆ ಈ ಕೆಲಸಕ್ಕೆ ಬೇರೆಯವರಿಲ್ವಾ?"

"ಕರೆಸಿ. ನನ್ನ ತಮ್ಮ ಒಳಗೆ ಸುತ್ತಿಗೆ ಹಿಡಿಯೋದು, ಅವನ ಎದೆ ಕಬ್ಬಿಣದ್ದಲ್ಲ. ತಲೆ ಕೆಳಗಾಗಿ ನಿಂತ್ರೂ ನನ್ನ ಬಾಯಿಂದ ಆ ಮಾತು ಬರಲ್ಲ!"

ಅಕ್ಕ ಅಂಗಳದಲ್ಲೇ ಅತ್ತುಬಿಟ್ಲು. ದುಃಖಕ್ಕಲ್ಲ, ರೋಸಿಹೋಗಿ. ಕೆಮ್ಮು ಕೇಳಿಸ್ತು ಅಂತ ಹೇಳಿದ್ರೆ ಯಾರು ನಂಬ್ತಾರೆ ಹೇಳಿ?

ಆಗ ತಮ್ಮ ಏನ್ ಮಾಡ್ದ ಗೊತ್ತಾ? ನೆಟ್ಟಗೆ ಹೋಗಿ ಮಾಸ್ಕ್ ತಂದ. ಮುಖಕ್ಕೆ ಕಟ್ಟಿದ. ಅಂಗೈ ಒತ್ತಿ ಉಸಿರೆಳೆದು ನೋಡ್ದ. ಸುತ್ತಿಗೇನ ನೆಲಕ್ಕಿಟ್ಟು ಡ್ರಿಲ್ ಎತ್ಕೊಂಡ. ಬೇಗಣ್ಣನಿಗೆ ಬೇರೆ ದಾರಿ ಇರಲಿಲ್ಲ.

ಗೋಡೆಗೆ ನೀರು ಚಿಮುಕಿಸಿ ಕೊರೆದ್ರು. ಡ್ರಿಲ್ಲಿನ ತುದೀಲಿ ಬಿಳೀ ನಾರು ಬಂತು.

ಆಮೇಲೆ ಮತ್ತೆ ಪರದೆ ಬಿಗಿದು, ಒಂದೊಂದೇ ಇಟ್ಟಿಗೆ ನೆನೆಸಿ ಕಿತ್ತರು. ಗೋಡೆ ಹಿಂದೆ ಒಬ್ಬ ನಿಲ್ಲೋ ಅಷ್ಟು ಜಾಗ. ಪೈಪಿನ ಕಲ್ನಾರೆಲ್ಲ ಉದುರಿ ಮೊಣಕಾಲೆತ್ತರ ಪುಡಿ ಬಿದ್ದಿತ್ತು. ತಮ್ಮ ಬರೀ ಮುಖದಲ್ಲಿ ಸುತ್ತಿಗೆ ಬೀಸಿ ತಲೆ ಒಳಗೆ ಹಾಕಿದ್ರೆ ಏನಾಗ್ತಿತ್ತು ಅಂತ ನೆನೆದು ಅಕ್ಕ ಅವನ ತೋಳು ಹಿಡಿದು ಹಿಂದಕ್ಕೆ ಎಳೆದ್ಲು. ಪರದೆ ಹೊರಗಿಂದ ಬೇಗಣ್ಣ ಹುಟ್ಟಿದಾಗಿನಿಂದ ಆಡದ ಮಾತಾಡ್ದ. "ನಿಧಾನ... ನಿಧಾನ ಮಾಡ್ರಪ್ಪಾ..."

ಪುಡಿಯೆಲ್ಲ ಚೀಲಕ್ಕೆ ತುಂಬಿ ಆದ್ಮೇಲೆ ಜಾಗ ಖಾಲಿ. ಎಲುಬಿಲ್ಲ, ಬಟ್ಟೆ ಚೂರಿಲ್ಲ, ಏನೂ ಇಲ್ಲ. ಹಿಂದೆ ದಪ್ಪ ಕಲ್ಲುಗೋಡೆ, ಎರಡೂ ಪಕ್ಕ ಕಲ್ಲು, ಮೇಲೆ ಕಾಂಕ್ರೀಟು. ಬಾಗಿಲಿಲ್ಲ, ಕಿಂಡಿಯಿಲ್ಲ.

ಉಳಿದಿದ್ದ ಇಟ್ಟಿಗೆ ಸಾಲುಗಳ ಮೇಲೆ ತಮ್ಮ ಕೈಯಾಡಿಸ್ತಾ ನಿಂತುಬಿಟ್ಟ.

"ಅಕ್ಕಾ... ನಾವು ನಿಂತಿರೋ ಕಡೆಯಿಂದ ತಾನೇ ಸಂದಿನ ಗಾರೆ ಒತ್ತಿ ನಯ ಮಾಡೋದು? ಆಚೆ ಬದಿಗೆ ಕರಣೆ ಎಟುಕಲ್ಲ, ಗಾರೆ ಹೇಗೆ ಉಬ್ಬಿರುತ್ತೋ ಹಾಗೇ ಒಣಗುತ್ತೆ."

"ಹೂಂ. ಅದಕ್ಕೇನೀಗ?"

"ಕೋಣೆ ಕಡೆ ಉಬ್ಬಿದೆ. ನಯ ಇರೋದು ಒಳಗಡೆ. ಕಟ್ಟಿದೋನು ಅಲ್ಲೇ ನಿಂತಿದ್ದ."

ಅಕ್ಕ ಟಾರ್ಚ್ ಮೇಲಕ್ಕೆತ್ತಿದ್ಲು. ಕಾಂಕ್ರೀಟಿಗೆ ತಾಗಿದ್ದ ಕೊನೇ ಸಾಲಿನವರೆಗೂ ಹಾಗೇ.

ಶಾಲೆ ಇವತ್ತಿಗೂ ನಡೀತಿದೆ. ಆ ಮೇಲಿನ ಸಾಲನ್ನ ತಮ್ಮ ಕೀಳಲಿಲ್ಲ, ತೊಳೆದು ಬಣ್ಣ ಬಳಿದು ಕಿಟಕಿ ಮೇಲೆ ಹಾಗೇ ಬಿಟ್ಟ. ಸುಳ್ಳು ಹೇಳಿ ನನಗೇನು ಸಿಗಬೇಕು? ಏಣಿ ಹತ್ತಿ ನಾನೇ ಬೆರಳಿಟ್ಟು ನೋಡಿದೀನಿ. ಒಳಬದಿ ಗಾರೆ ನುಣ್ಣಗಿದೆ.