ಮುನ್ನೂರೈವತ್ತು ದಾಟಬಾರದು

…ಅಯ್ಯಯ್ಯೋ, ಅದನ್ನ ನೆಲದ ಮೇಲೆ ಯಾಕೆ ಕುಕ್ತೀಯ ಅಕ್ಕ! ಕೊಡು ಇಲ್ಲಿ. ಬೆಸುಗೆ ಹಾಕೋ ಸೋಲ್ಡರಿಂಗ್ ಸ್ಟೇಷನ್ ಅದು, ತರಕಾರಿ ಚೀಲ ಅಲ್ಲ. ಹಾಂ… ಬಾ, ಕೂತ್ಕೋ. ಆ ಸ್ಟೂಲ್ ಬೇಡ, ಅಲ್ಲಿ ಬೆಸುಗೆ ಲೆಡ್ಡಿನ ಚೂರು ಬಿದ್ದಿರುತ್ತೆ, ಬಟ್ಟೆಗೆ ಅಂಟುತ್ತೆ. ಮಂಚದ ಮೇಲೆ ಕೂತ್ಕೋ. ಭಾವ ಬರ್ಲಿಲ್ವಾ? ಎರವಲು ತಗೊಂಡು ಹೋಗೋವಾಗ ತಾವೇ ಓಡಿ ಬಂದಿದ್ರು, ವಾಪಸ್ ಕೊಡೋಕೆ ಹೆಂಡತಿ ಬೇಕಾಯ್ತಾ? ಬರ್ತಾರೆ, ಬರ್ತಾರೆ! ನಿನ್ನೆ ಆಗಿದ್ದು ಆದ್ಮೇಲೆ ಯಾವ ಮುಖ ಇಟ್ಕೊಂಡು ಬರ್ತಾರೆ!

ಆ ಇನ್ನೊಂದು ಚೀಲದಲ್ಲೇನು? …ಅಮ್ಮನ ಮಂಚದ ಬೆಲ್ ಅಂತೀಯಾ? ಅವಳು ಮಲಗಿದಲ್ಲೇ ಒತ್ತಿದ್ರೆ ನಿನ್ನ ಅಡುಗೆಮನೇಲಿ ಕೂಗ್ಬೇಕು… ಕೂಗ್ತಿಲ್ವಾ? ಬ್ಯಾಟರಿ ಹೋಗಿರುತ್ತೆ ಬಿಡು. ಇಡು, ನೋಡ್ತೀನಿ. ಅಷ್ಟಕ್ಕೆ ಯಾಕೆ ಮುಖ ಹೀಗೆ ಸಣ್ಣ ಮಾಡ್ಕೊಂಡಿದೀಯ? ತಲೆ ಕೂಡ ಬಾಚಿಲ್ಲ. ಏನು, ಫೋನಾ? ಬೆಳಗ್ಗೆಯಿಂದ ಆಫ್ ಮಾಡಿಟ್ಟಿದೀನಿ. ಇವತ್ತು ಅಂಗಡಿಗೂ ರಜೆ. ನಮ್ಮ ಎಲೆಕ್ಟ್ರಾನಿಕ್ಸ್ ಕ್ಲಬ್ಬಿನವರು ಒಬ್ಬರಾದ ಮೇಲೆ ಒಬ್ಬರು, 'ನಿಮ್ಮ ಭಾವನ ಆಂಪ್ಲಿಫೈಯರ್ ನೋಡಿದ್ರಾ, ನೋಡಿದ್ರಾ' ಅಂತ. ನಕ್ಕೂ ನಕ್ಕೂ ಪಕ್ಕೆ ನೋವು ಬಂತು, ಸಾಕಪ್ಪಾ ಅಂತ ಆಫ್ ಮಾಡ್ದೆ.

ನೀನು ಪಾಪ, ಅಮ್ಮನ್ನ ಬಿಟ್ಟು ಬರೋಕಾಗಲಿಲ್ಲ. ಹೇಳ್ತೀನಿ ಕೇಳು. ಇರು ಇರು, ಬೆಲ್ ಆಮೇಲೆ! ಮೊದಲು ಇದನ್ನ ಕೇಳು. ನಿನ್ನೆ ಕ್ಲಬ್ಬಿನ ಪ್ರದರ್ಶನಕ್ಕೆ ಹಾಲ್ ತುಂಬಾ ಜನ. ಎಲ್ಲರೂ ತಾವು ತಾವು ಮಾಡಿದ್ದನ್ನ ಮುಂದಿಟ್ಕೊಂಡು ಕೂತಿದಾರೆ, ಒಬ್ಬರದು ರೇಡಿಯೋ, ಒಬ್ಬರದು ಗಡಿಯಾರ. ಭಾವ ಮಾತ್ರ ವೇದಿಕೆ ಮೇಲೆ! ಕಾರ್ಯದರ್ಶಿ ಅಲ್ವಾ! ತಾವೇ ಮಾಡಿದ ಆಂಪ್ಲಿಫೈಯರಲ್ಲೇ ಸ್ವಾಗತ ಭಾಷಣ ಅಂತೆ. ಮೈಕ್ ಹಿಡಿದ್ರು, ಗಂಟಲು ಸರಿಮಾಡ್ಕೊಂಡ್ರು, 'ಮಾನ್ಯರೇ, ನನ್ನ ಸ್ವಂತ ಕೈಯಿಂದ…' ಅಂದ್ರು ನೋಡು, ಕರ್ರ್… ಸತ್ತೋಯ್ತು! ಬಾಯಿ ಅಲ್ಲಾಡ್ತಿದೆ, ಸದ್ದೇ ಇಲ್ಲ! ಡಬ್ಬಕ್ಕೆ ಒಂದು ಕುಟ್ಟಿದ್ರು. 'ಕೈಯಿಂದ' ಅಂತ ಬಂತು. ಮತ್ತೆ ಕರ್ರ್. ಮತ್ತೆ ಕುಟ್ಟಿದ್ರು. ಹಿಂದಿನ ಸಾಲಿಂದ ಯಾರೋ, 'ಸಾರ್, ಇನ್ನೂ ನಾಕು ಬಿಡಿ, ದಾರಿಗೆ ಬರುತ್ತೆ' ಅಂದ. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು! ನಾನಾ? ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ, ಅವರಿಗೆ ಕೇಳಿಸ್ಲಿ ಅಂತಾನೇ ನಕ್ಕೆ. ಹೊಟ್ಟೆ ತಣ್ಣಗಾಯ್ತು ಅಕ್ಕ.

ಯಾಕೆ ಹಾಗೆ ನೋಡ್ತೀಯ? ಗಂಡನ್ನ ಅಂದೆ ಅಂತ ಕೋಪ ಬಂತಾ? ಬರ್ಲಿ. ನನಗೆ ಹೋದ ವರ್ಷ ಬಂದಿರ್ಲಿಲ್ವಾ? ಅದೇ ಹಾಲ್, ಅದೇ ಜನ. ಹಗಲೆಲ್ಲ ಬಟ್ಟೆ ಅಂಗಡೀಲಿ ಕಂಡೋರಿಗೆ ಬಟ್ಟೆ ಅಳೆದು ಕೊಟ್ಟು, ಸಂಜೆ ಬಂದು ಈ ಕಿಟಕಿ ಪಕ್ಕ ಕೂತು, ಒಂದೊಂದೇ ಬೆಸುಗೆ ಹಾಕಿ ಮಾಡಿದ ರೇಡಿಯೋ ಅದು. ನಿನ್ನ ಯಜಮಾನ್ರು ಏನಂದ್ರು? 'ಡಿಸೈನ್ ಎಲ್ಲ ನಂದು, ನಮ್ಮ ಭಾಮೈದ ತಂತಿ ಹಿಡ್ಕೊಂಡು ನಿಂತಿದ್ದ' ಅಂದ್ರು. ತಮಾಷೆಗೆ ಅಂದ್ರಾ? ಆಹಾ, ಏನು ತಮಾಷೆ! ಮನೆಗೆ ಬಂದು ಅದನ್ನೇ ಅಮ್ಮನ ಮುಂದೆ ನಟನೆ ಮಾಡಿ ತೋರಿಸಿದ್ರು. ನಾನು ತಂತಿ ಹಿಡ್ಕೊಂಡು, ಬಾಯಿ ತೆರ್ಕೊಂಡು, ಬೆಪ್ಪನ ಹಾಗೆ ನಿಂತಿರೋದು. ಅಮ್ಮ ನಕ್ಕಳು. ಅಕ್ಕ, ಅಮ್ಮ ನಕ್ಕಳು! ಹಾಸಿಗೆ ಹಿಡಿದ ಮೇಲೆ ಮೊದಲ ಸಲ ನಕ್ಕಳು ಅಂತ ನೀನು ಕಣ್ಣು ಒರೆಸ್ಕೊಂಡೆ. ನಾನು ಮೂಲೇಲಿ ಹಲ್ಲು ಕಚ್ಕೊಂಡು ಕೂತಿದ್ದೆ. ಇರ್ಲಿ, ನನಗೂ ಒಂದು ಕಾಲ ಬರುತ್ತೆ ಅಂದ್ಕೊಂಡು ಕೂತಿದ್ದೆ.

ಈ ಸ್ಟೇಷನ್ ತಗೊಂಡಿದ್ದೇ ಆ ಹಠಕ್ಕೆ. ಸುಮ್ನೆ ಹೋಗಿ ಕೈ ತೋರಿಸಿ ತಗೊಂಡಿದ್ದಲ್ಲ. ಅಂಗಡಿಯವನು ದೊಡ್ಡ ಪರದೆ, ಬಣ್ಣಬಣ್ಣದ ದೀಪ ಇರೋದನ್ನೆಲ್ಲ ಸಾಲಾಗಿ ಮುಂದಿಟ್ಟ. 'ದೀಪ ಬೇಡಪ್ಪ, ಇದರ ಬಿಟ್ ಸವೆದ್ರೆ ಬೇರೆ ಸಿಗುತ್ತಾ ಅದು ಹೇಳು' ಅಂದೆ. ಬಿಟ್ ಅಂದ್ರೆ ಇದು, ಮುಂದಿನ ಈ ಚೂಪು ಮೂತಿ. ಮೂತಿ ಸಿಗದ ಮೇಲೆ ಡಬ್ಬವನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ಬೇಕಾ? ಆಮೇಲೆ ಬಿಸಿ. ಬೆಸುಗೆ ಹಾಕೋ ಸಾದಾ ಐರನ್ ದಪ್ಪ ತಂತಿಗೆ ತಾಗಿಸಿದ ಕೂಡ್ಲೇ ತಣ್ಣಗಾಗುತ್ತೆ, ಸುಮ್ನೆ ಬಿಟ್ಟರೆ ಸುಡೋ ಹಾಗೆ ಕಾಯುತ್ತೆ. ಇದು ಹಾಗಲ್ಲ, ಮೂತಿಯ ಒಳಗೇ ಬಿಸಿ ಅಳೆಯೋದು ಕೂತಿದೆ. ಸ್ವಲ್ಪ ಇಳಿದ್ರೂ ತಾನೇ ಏರಿಸ್ಕೊಳ್ಳುತ್ತೆ. ನೀನು ಎಷ್ಟು ಅಂತೀಯೋ ಅಷ್ಟೇ. ಅಂಗಡೀಲೇ ಹಚ್ಚಿ, ಕಾಯಿಸಿ, ದಪ್ಪ ತಂತಿ ಮೇಲೆ ಬೆಸುಗೆ ಹಾಕಿ ನೋಡಿ ತಂದಿದ್ದು. ಅಂಗಡಿಯವನಿಗೆ ಸಾಕುಸಾಕಾಗಿತ್ತು.

ಭಾವನ ಹಳೇ ಸ್ಟೇಷನ್ ಏನಾಯ್ತು, ಗೊತ್ತಲ್ಲ? ಬೇಗ ಆಗ್ಲಿ ಬೇಗ ಆಗ್ಲಿ ಅಂತ ಬಿಸಿಯ ಗುಂಡಿ ತಿರುಗಿಸಿ ಕೊನೇಗೆ ಇಡೋದು. ಬಿಟ್ ಸುಟ್ಟು ಕಪ್ಪಾಯ್ತು. ಕಪ್ಪಾದ್ರೆ ಲೆಡ್ ಹಿಡಿಯಲ್ಲ. ಹಿಡಿಯಲ್ಲ ಅಂತ ಏನ್ ಮಾಡಿದ್ರು? ಉಪ್ಪುಕಾಗದ ತಗೊಂಡು ಉಜ್ಜಿದ್ರು! ಉಪ್ಪುಕಾಗದ ಅಕ್ಕ! ಹಳೇ ಬಾಗಿಲು ಉಜ್ಜಿದ ಹಾಗೆ! ಒದ್ದೆ ಸ್ಪಂಜಲ್ಲಿ ಒರೆಸಿ, ಮೇಲೆ ಸ್ವಲ್ಪ ಲೆಡ್ ಬಳಿದು ಇಡ್ಬೇಕು, ಅಷ್ಟೇ. ಉಜ್ಜಿದ್ರೆ ಮೇಲಿನ ಲೇಪಾನೇ ಹೋಗುತ್ತೆ. ಹೋಯ್ತು. ಆಮೇಲೆ 'ಮಾಲೇ ಸರಿಯಿಲ್ಲ' ಅಂತ ಊರೆಲ್ಲ ಹೇಳ್ಕೊಂಡು ಬಂದ್ರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಅಂಥವರು ಹೋದ ತಿಂಗಳು ನನ್ನ ಬಾಗಿಲಿಗೆ ಬಂದ್ರು. 'ಪ್ರದರ್ಶನಕ್ಕೆ ಒಂದು ಆಂಪ್ಲಿಫೈಯರ್ ಮಾಡ್ಬೇಕು, ನಿನ್ನ ಸ್ಟೇಷನ್ ಕೊಡಪ್ಪ.' ಕೊಡಪ್ಪ! ತಂತಿ ಹಿಡಿಯೋನ ಹತ್ರ! ಕೊಡಲ್ಲ ಹೋಗಿ ಅನ್ನಬಹುದಿತ್ತು. ಅನ್ನಲಿಲ್ಲ. ಮಾರನೇ ದಿನ ಬನ್ನಿ ಅಂದೆ, ನಗ್ತಾ ನಗ್ತಾನೇ ಕೊಟ್ಟೆ. ಒಂದೇ ಒಂದು ಮಾತು ಹೇಳಿದೆ. 'ಭಾವ, ಅಂಕಿ ಮುನ್ನೂರೈವತ್ತು ಡಿಗ್ರಿ ತೋರಿಸ್ತಿದೆ ನೋಡಿ, ಅಲ್ಲೇ ಇರ್ಲಿ. ಮುನ್ನೂರೈವತ್ತು ದಾಟಬಾರದು. ದಾಟಿಸಿದ್ರೆ ಇನ್ನು ಜನ್ಮದಲ್ಲಿ ಕೇಳ್ಬೇಡಿ' ಅಂದೆ. ಸರಿಯಾದ ಮಾತೇ ತಾನೆ ಅದು? ಕೊಟ್ಟೋನಿಗೆ ಅಷ್ಟು ಹೇಳೋ ಹಕ್ಕಿಲ್ವಾ?

…ಯಾಕೆ ನಗು ಬಂತು ಅಂತೀಯಾ? ಸುಮ್ನೆ. ಭಾವನ ಮುಖ ನೆನಪಾಯ್ತು. ಮಾಡಿದ್ದುಣ್ಣೋ ಮಹಾರಾಯ, ಅಷ್ಟೇ.

ಸರಿ ಸರಿ, ತೆಗೀತೀನಿ ಬೆಲ್, ಹಾಗೆ ಅದನ್ನೇ ಮುಂದೆ ಮುಂದೆ ತಳ್ಬೇಡ. ಸ್ಕ್ರೂಡ್ರೈವರ್ ಎಲ್ಲಿ… ಹಾಂ. ಇರು, ಇದೇನಿದು? ಇದು ನಾನು ಮಾಡಿಕೊಟ್ಟ ಬೆಲ್ ಅಲ್ವಲ್ಲ! ನಂದು ಕಪ್ಪು ಡಬ್ಬ. ಇದು ಯಾರ ಕೆಲಸ? …ಭಾವ ಮಾಡಿದ್ರಾ? ಯಾಕೆ, ನಂದು ಅವರ ಕಣ್ಣಿಗೆ ಚೆನ್ನಾಗಿ ಕಾಣಿಸ್ಲಿಲ್ವಾ? ಅದನ್ನೂ ತಮ್ಮ ಹೆಸರಿಗೆ ಮಾಡ್ಕೋಬೇಕಿತ್ತಾ?

…ಏನಂದೆ? ಬೆರಳಲ್ಲಿ ಶಕ್ತಿ ಸಾಲ್ತಿರ್ಲಿಲ್ವಾ? ನನ್ನ ಗುಂಡಿ ಗಟ್ಟಿ ಆಯ್ತಾ ಅಮ್ಮನಿಗೆ? ಅದಕ್ಕೆ ಮೆತ್ತಗಿನ ಗುಂಡಿ ಹುಡುಕಿ ತಂದು ಹಾಕಿದ್ರಾ… ಹೌದು, ಮುಟ್ಟಿದ್ರೆ ಸಾಕು, ಒಳಗೆ ಹೋಗುತ್ತೆ. ನನಗೆ ಯಾಕೆ ಹೇಳ್ಲಿಲ್ಲ? ನಾನು ಮಾಡಿಕೊಡ್ತಿರ್ಲಿಲ್ವಾ? …ನನಗೆ ಬೇಜಾರಾಗುತ್ತೆ ಅಂತಾ? ಭಾವ ಅಂದ್ರಾ ಹಾಗೆ? 'ಅವನು ಪ್ರೀತಿಯಿಂದ ಮಾಡಿದ್ದು, ಬದಲಾಯಿಸಿದ್ವಿ ಅಂತ ಹೇಳ್ಬೇಡ' ಅಂದ್ರಾ?

ಓ.

ಯಾವಾಗ ಮಾಡಿದ್ದು ಇದನ್ನ? …ಹೋದ ತಿಂಗಳಾ? ಆಂಪ್ಲಿಫೈಯರ್‌ಗೂ ಮೊದಲೇನಾ? ಯಾವುದರಲ್ಲಿ ಮಾಡಿದ್ರು? ತಮ್ಮ ಹಳೇ ಸ್ಟೇಷನಲ್ಲಿ ತಾನೆ? …ಇದರಲ್ಲಾ? ಈ ಸ್ಟೇಷನಲ್ಲೇನಾ?

ಇರು. ಭೂತಗನ್ನಡಿ ಕೊಡು. ಇಲ್ಲಿ… ಇಲ್ಲಿದೆ ನೋಡು. ಒಳ್ಳೇ ಬೆಸುಗೆ ಆದ್ರೆ ಹೊಳೀತಿರುತ್ತೆ, ತಂತಿಯನ್ನ ತಬ್ಕೊಂಡಿರುತ್ತೆ. ಇದು ಬೂದು ಬಣ್ಣ, ಮುದ್ದೆ ಮುದ್ದೆ. ಬಿಸಿ ಸಾಲದೆ ಮೇಲೆ ಸುಮ್ನೆ ಕೂತಿದೆ, ಹಿಡ್ಕೊಂಡಿಲ್ಲ. ಡ್ರೈ ಸೋಲ್ಡರ್ ಅಂತಾರೆ ಇದಕ್ಕೆ. ಕೆಲವು ದಿನ ಕೆಲಸ ಮಾಡುತ್ತೆ, ಆಮೇಲೆ ಒಂದು ದಿನ ಕೈ ಕೊಡುತ್ತೆ. ಭಾವನ ಕೈಯೇ ಅಷ್ಟು, ಇನ್ನೇನು! ಸ್ಟೇಷನಿನ ಗುಂಡಿ ತಿರುಗಿಸಿ ಬಿಸಿ ಕಡಿಮೆ ಮಾಡಿರ್ಬೇಕು… ಇಲ್ವಾ? ಮುಟ್ಟೇ ಇಲ್ವಾ? …ಟೇಪಾ? ಹೌದು, ಗುಂಡಿಗೆ ಟೇಪ್ ಅಂಟಿಸಿದಾರೆ. ಕೈ ತಾಗಿ ತಿರುಗಬಾರದು ಅಂತ. ಅಂಕಿ ಮುನ್ನೂರೈವತ್ತಲ್ಲೇ ಇದೆ. ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಮಾತು ಕೇಳಿದಾರೆ ಈ ಮನುಷ್ಯ.

ಹಾಗಾದ್ರೆ… ಹಾಗಾದ್ರೆ ಲೆಡ್ಡೇ ಕೆಟ್ಟದ್ದಿರ್ಬೇಕು. ಅಗ್ಗದ್ದು ತಂದಿರ್ತಾರೆ. ಸ್ಟೇಷನಲ್ಲಿ ಮಾತ್ರ ಏನೂ ತಪ್ಪಿಲ್ಲ ಅಕ್ಕ. ಕೊಡೋ ಮುಂಚೆ ನಾನೇ ಕಾಯಿಸಿ ನೋಡಿದ್ದೆ. ಮುನ್ನೂರೈವತ್ತು ಅಂದ್ರೆ ಮುನ್ನೂರೈವತ್ತೇ. ಆ ಸಣ್ಣ ತೂತಿನೊಳಗಿರೋ ಸ್ಕ್ರೂ ನಾನು ಮುಟ್ಟೇ ಇಲ್ಲ. ಆಣೆಗೂ ಮುಟ್ಟಿಲ್ಲ. ನೀನು ಬೇಕಾದ್ರೆ…

ಏನು?

…ಇಲ್ಲ. ನೀನು ಸ್ಕ್ರೂ ಬಗ್ಗೆ ಕೇಳಲಿಲ್ಲ. ನೀನು ಏನೂ ಕೇಳಲಿಲ್ಲ.

ಸ್ಟೇಷನ್ ಕಡೆ ಹಾಗೆ ನೋಡ್ಬೇಡ ಅಕ್ಕ. ಮಾತಾಡು. ಯಾವ ಸ್ಕ್ರೂ ಅಂತಾನಾದ್ರೂ ಕೇಳು! …ಅಂಕಿ ಸರಿಹೊಂದಿಸೋಕೆ ಇರೋದು ಕಣಕ್ಕ. ತಿರುಗಿಸಿದ್ರೆ ಅಂಕಿ ಒಂದು ಹೇಳುತ್ತೆ, ಬಿಸಿ ಇನ್ನೊಂದಿರುತ್ತೆ. ಮುನ್ನೂರೈವತ್ತು ಅಂತ ತೋರಿಸುತ್ತೆ, ಮೂತೀಲಿ ಅದಕ್ಕಿಂತ ನೂರು ಡಿಗ್ರಿ ಕಮ್ಮಿ. ಲೆಡ್ ಕರಗುತ್ತೆ, ಆದ್ರೆ ತಂತಿಗೆ ಹಿಡಿಯಲ್ಲ. ಒಂದೇ ಒಂದು ಸಂಜೆ ಅಕ್ಕ! ಆ ಹಾಲಲ್ಲಿ, ಆ ಜನರ ಮುಂದೆ, ಒಂದು ಸಂಜೆ ತಲೆ ತಗ್ಗಿಸ್ಲಿ ಅಂತ! ಅದರಲ್ಲೇ ಕೂತು ಅಮ್ಮನಿಗೆ ಬೆಲ್ ಮಾಡ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ? ನೀವು ಯಾರಾದ್ರೂ ಹೇಳಿದ್ರಾ?

ಬೆಲ್ ತಾನೆ. ಬೆಲ್ ತಾನೆ ಅಕ್ಕ! ಈಗಲೇ ಎಲ್ಲ ಕಿತ್ತು ಹೊಸದಾಗಿ ಹಾಕ್ತೀನಿ. ಸ್ಕ್ರೂ ಸರಿಮಾಡ್ತೀನಿ, ಕಾಯೋಕೆ ಎಷ್ಟು ಹೊತ್ತು ಬೇಕು ಇದಕ್ಕೆ… ಬೇಡ್ವಾ? ಯಾಕೆ ಬೇಡ? ಬೆಲ್ ಇಲ್ದೆ ಅಮ್ಮ ಹೇಗೆ ಕರೀತಾಳೆ? ಈಗ ಅವಳ ಹತ್ರ ಯಾರಿದಾರೆ? ಭಾವ ಇದಾರಾ? ಸರಿ ಮತ್ತೆ. ಮನೇಲೇ ಇದಾರಲ್ಲ.

ಮನೇಲಿ ತಾನೆ, ಅಕ್ಕ?

…ಯಾವ ಆಸ್ಪತ್ರೆ? ಯಾವಾಗ? ಬೆಳಗ್ಗೆ ನೀನು ಎಲ್ಲಿದ್ದೆ? ಅಡುಗೆಮನೇಲಿ. ಹೌದು. ಕೇಳಿಸ್ಲಿಲ್ಲ. ಹೇಗೆ ಕೇಳಿಸುತ್ತೆ. ಯಾರೂ ಬರ್ಲಿಲ್ಲ ಅಂತ ತಾನೇ ಇಳಿಯೋಕೆ ಹೋಗಿ… ಸೊಂಟನಾ? ಮುರಿದಿದೆಯಾ? ನೀನು ನೋಡೋವಾಗ ನೆಲದ ಮೇಲೆ ಬಿದ್ದಿದ್ಲಾ? ಕೈಯಲ್ಲಿ ಇದು ಇತ್ತಾ? ಬಿದ್ದ ಮೇಲೂ ಒತ್ತುತ್ತಾನೇ ಇದ್ಲಾ?

ಅಯ್ಯೋ ಅಮ್ಮಾ.

ಭಾವ ಏನ್ ಮಾಡ್ತಿದಾರೆ? …ಅಳ್ತಿದಾರಾ? ಭಾವನಾ? ಆಸ್ಪತ್ರೇಲಿ ಮಂಚದ ಪಕ್ಕ ಕೂತು, 'ನನ್ನ ಕೈಯೇ ಕೆಟ್ಟದ್ದು, ನಾನು ಮಾಡಬಾರದಿತ್ತು' ಅಂತಾ? ಇನ್ಮೇಲೆ ಐರನ್ ಮುಟ್ಟಲ್ಲ, ಇದನ್ನ ವಾಪಸ್ ಕೊಟ್ಟುಬಿಡು ಅಂದ್ರಾ? ಬೆಲ್ ಯಾಕೆ ಕಳಿಸಿದ್ರು? …ನನ್ನನ್ನ ಕೇಳ್ಕೊಂಡು ಬಾ ಅಂತಾ? 'ಎಲ್ಲಿ ತಪ್ಪಿದೀನಿ ಅಂತ ಅವನನ್ನ ಕೇಳು, ಅವನಿಗೆ ಗೊತ್ತಿರುತ್ತೆ' ಅಂತ? ನನಗೆ ಗೊತ್ತಿರುತ್ತೆ ಅಂತ?

ಅಕ್ಕ. ಬೈ. ಹೊಡಿ, ಕೆನ್ನೆಗೆ ಎರಡು ಬಿಡು, ನಾನು ಕೈ ಅಡ್ಡ ಹಿಡಿಯಲ್ಲ. ಎಲ್ಲಿಗೆ ಎದ್ದೆ? ಇರು, ನಾನೂ ಬರ್ತೀನಿ, ಅಂಗಿ ಹಾಕ್ಕೋತೀನಿ… ಬರ್ಬೇಡ್ವಾ? ಆ ಸ್ಟೇಷನ್ ಯಾಕೆ ಮತ್ತೆ ಚೀಲಕ್ಕೆ ಹಾಕ್ತಿದೀಯ? ಭಾವನಿಗೆ ತೋರಿಸೋಕಾ? ತೋರಿಸು. ಎಲ್ಲಾ ಹೇಳು, ಅವರು ಅಳೋದು ನಿಲ್ಲಿಸ್ಲಿ. ಕ್ಲಬ್ಬಿಗೂ ಹೇಳು, ಅಂಗಡಿಗೂ ಹೇಳು, ಬೀದೀಲಿ ನಿಂತು ಹೇಳು, ನಾನು ಇಲ್ಲ ಅನ್ನಲ್ಲ. ಆದ್ರೆ ಅಮ್ಮ ಎಚ್ಚರವಾಗಿರೋವಾಗ ಬೇಡ. ಅವಳಿಗೆ ಕೇಳಿಸೋ ಹಾಗೆ ಬೇಡ. ಭಾವನ ಬೆಲ್ಲೇ ಕೆಟ್ಟಿತ್ತು ಅಂದ್ಕೊಂಡಿರ್ಲಿ ಅವಳು, ಮಗ ಅಂತ ಗೊತ್ತಾಗೋದು ಬೇಡ… ಹೇಳಲ್ಲ ತಾನೆ?

ಬಾಗಿಲು ದಾಟ್ಬೇಡ ಅಕ್ಕ, ಹೇಳಲ್ಲ ಅನ್ನು…

ಅಕ್ಕಾ?